ಹತ್ತು ಜನ ನಿಲ್ಲುವ ಚರ್ಚು

ಸೆಲ್‌ವಿಕ್ ಕೊಲ್ಲಿಯ ಓಡ್ನಿ ಯಾರ ಮಾತನ್ನೂ ಗಾಳಿಗೆ ಬಿಡುವವಳಲ್ಲ. ಯಾರಾದರೂ ಏನನ್ನಾದರೂ ಕೊಡುತ್ತೇನೆ, ಮಾಡುತ್ತೇನೆ ಎಂದರೆ ಸಾಕು, ಅಲ್ಲಿದ್ದವರಲ್ಲಿ ಇಬ್ಬರ ಹೆಸರು ಹಿಡಿದು "ನೀವಿಬ್ಬರೂ ಸಾಕ್ಷಿ" ಎನ್ನುವಳು. ಇದರಲ್ಲಿ ವಿಚಿತ್ರವೇನೂ ಇರಲಿಲ್ಲ. ನಮ್ಮ ದ್ವೀಪಕ್ಕೆ ರಾಜನಿಲ್ಲ, ಆಗಿನ್ನೂ ಕಾನೂನನ್ನು ಯಾರೂ ಬರೆದಿಟ್ಟಿರಲಿಲ್ಲ. ಕೇಳಿದವರ ನೆನಪೇ ಕಾನೂನು. ಆದರೆ ಉಳಿದವರು ಜಮೀನಿನ ಗಡಿಗೋ ಹಸುವಿಗೋ ಸಾಕ್ಷಿ ಕರೆದರೆ, ಓಡ್ನಿ ಒಂದು ಬೋಗುಣಿ ಮೊಸರಿಗೂ ಕರೆಯುತ್ತಿದ್ದಳು. ನಾನು ಅವಳ ಮನೆಯಲ್ಲಿ ಹದಿನಾಲ್ಕು ಚಳಿಗಾಲ ಉಣ್ಣೆ ನೂತವಳು, ಹಾಗಾಗಿ ಇದನ್ನೆಲ್ಲ ಹತ್ತಿರದಿಂದ ಕಂಡಿದ್ದೇನೆ.

ಓಡ್ನಿಗೂ ಅವಳ ಗಂಡ ಓರ್ಮ್‌ಗೂ ಇದ್ದದ್ದು ಒಂದೇ ಮಗು, ಡಲ್ಲಾ. ನಾಲ್ಕು ವರ್ಷದವಳಿದ್ದಾಗ ಕೆಮ್ಮು ಹತ್ತಿ ಹೋಗಿಬಿಟ್ಟಳು. ಹುಲ್ಲುಗಾವಲಿನ ಅಂಚಿನಲ್ಲಿ ಅವಳನ್ನು ಹೂತು ಮೇಲೊಂದು ಸಣ್ಣ ದಿಬ್ಬ ಮಾಡಿದರು. ಪ್ರತಿ ಚಳಿಗಾಲದ ಆರಂಭದಲ್ಲಿ ಓಡ್ನಿ ಆ ದಿಬ್ಬದ ಮೇಲೆ ಹಾಲು ಸುರಿಯುತ್ತಿದ್ದಳು. ನಮ್ಮ ಕಡೆ ಸತ್ತವರಿಗೆ ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ಡಲ್ಲಾ ಸತ್ತ ಎರಡು ವರ್ಷಕ್ಕೆ, ಇನ್ನು ಮುಂದೆ ಎಲ್ಲರೂ ಕ್ರಿಸ್ತನವರು ಎಂದು ದ್ವೀಪದ ಒಕ್ಕಲುಗಳೆಲ್ಲ ಸೇರುವ ಮಹಾಸಭೆಯಲ್ಲಿ ತೀರ್ಮಾನವಾಯಿತು. ತಣ್ಣೀರಿನಲ್ಲಿ ಮುಳುಗಲು ನಮ್ಮ ಗಂಡಸರು ಒಪ್ಪದೆ, ವಾಪಸು ಬರುವ ದಾರಿಯಲ್ಲಿ ಬಿಸಿನೀರಿನ ಬುಗ್ಗೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು. ನಮ್ಮ ಮನೆಯ ಆಳು ಟೋಕಿ ಆ ಸ್ನಾನವನ್ನು ವಾರಗಟ್ಟಲೆ ಹೊಗಳಿದ. ಮುಂದೆ ಊಡೋ ಎಂಬ ಪಾದ್ರಿ ಸ್ಯಾಕ್ಸನ್ನರ ನಾಡಿನಿಂದ ಬಂದಾಗ ಓಡ್ನಿಯೂ ತಲೆಗೆ ನೀರು ಹಾಕಿಸಿಕೊಂಡಳು. ದಿಬ್ಬಕ್ಕೆ ಹಾಲು ಮಾತ್ರ ನಿಲ್ಲಲಿಲ್ಲ. ಹಳೆಯ ಪೂಜೆಯನ್ನು ಕದ್ದು ಮಾಡಿದರೆ ತಪ್ಪಿಲ್ಲ, ಸಾಕ್ಷಿ ಸಿಕ್ಕರಷ್ಟೇ ತಪ್ಪು ಎಂಬ ಕಾನೂನಿದ್ದ ವರ್ಷಗಳವು. ನಾವು ಯಾರೂ ನೋಡುತ್ತಿರಲಿಲ್ಲ.

ಒಮ್ಮೆ ಓಡ್ನಿ ಪಾದ್ರಿಯನ್ನು, ಮೊದಲೇ ಸತ್ತವರ ಗತಿ ಏನು ಎಂದು ಕೇಳಿದಳು. ಆತ ಕೆಟ್ಟವನಲ್ಲ. ದೀಕ್ಷೆಯ ನೀರು ಬೀಳದವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂದು ನೆಲ ನೋಡುತ್ತ ಹೇಳಿದ. ಸತ್ತ ಮೇಲೆ ತಾನು ಒಂದು ಕಡೆ, ಮಗಳು ಇನ್ನೊಂದು ಕಡೆ ಎಂಬುದು ಅವಳಿಗೆ ಆಗಲೇ ಹೊಳೆದದ್ದು.

ಮರುವರ್ಷದ ಬೇಸಿಗೆಯಲ್ಲಿ ನೆರೆಮನೆಯ ದೊಡ್ಡ ಒಕ್ಕಲು ಕೇತಿಲನ ಅಂಗಳದಲ್ಲಿ ಊಡೋ ಉಪದೇಶ ಮಾಡಿದ. ಚರ್ಚು ಕಟ್ಟಲು ಯಾರೂ ಮುಂದೆ ಬರುತ್ತಿರಲಿಲ್ಲ. ನಮ್ಮಲ್ಲಿ ಮರವೆಂದರೆ ಚಿನ್ನ. ಬೇಸತ್ತೋ ಏನೋ, ಚರ್ಚು ಕಟ್ಟಿಸಿದವರು ಅದರೊಳಗೆ ಎಷ್ಟು ಜನ ನಿಲ್ಲಬಹುದೋ ಅಷ್ಟು ಜನರನ್ನು ಸ್ವರ್ಗಕ್ಕೆ ಕರೆದೊಯ್ಯಬಹುದು ಎಂದುಬಿಟ್ಟ. ಅವನ ಮಾತು ಮುಗಿಯುವುದರೊಳಗೆ ಓಡ್ನಿ ಎದ್ದು ನಿಂತಿದ್ದಳು.

"ಕೇತಿಲಣ್ಣ, ಟೋಕಿ, ನೀವಿಬ್ಬರೂ ಸಾಕ್ಷಿ" ಎಂದಳು.

ಕೇತಿಲ ಹಡಗಿನಲ್ಲಿ ನಾರ್ವೆಯ ಮರ ತರಿಸಿ ನಲವತ್ತು ಜನ ಹಿಡಿಸುವ ಚರ್ಚು ಕಟ್ಟಿಸಿದ. ಓಡ್ನಿಗೆ ಇದ್ದದ್ದು ಕಡಲು ದಡಕ್ಕೆ ತಂದು ಹಾಕುವ ಮರ ಮಾತ್ರ. ಹುಲ್ಲು ಕೊಯ್ದ ಬಯಲಿನಲ್ಲಿ ಮನೆಮಂದಿ ಒಂಬತ್ತು ಜನರನ್ನೂ ಒತ್ತೊತ್ತಾಗಿ ನಿಲ್ಲಿಸಿ, ಸುತ್ತ ತೊಗಲಿನ ಹಗ್ಗ ಎಳೆದು ಅಳತೆ ತೆಗೆದಳು. ಟೋಕಿಯ ಹೊಟ್ಟೆ ಹಗ್ಗಕ್ಕೆ ಅಡ್ಡ ಬರುತ್ತಿತ್ತು.

"ಸ್ವರ್ಗಕ್ಕೆ ಹೋಗೋತನಕ ಸ್ವಲ್ಪ ಬೆಣ್ಣೆ ಕಡಿಮೆ ಮಾಡೋ" ಎಂದಳು.

"ಅಲ್ಲಿ ಬೆಣ್ಣೆ ಇದೆಯೋ ಇಲ್ವೋ ಯಾರಿಗೆ ಗೊತ್ತಕ್ಕ, ಇಲ್ಲಂತೂ ಇದೆ" ಎಂದ ಟೋಕಿ.

ಅಳತೆ ಮುಗಿದ ಮೇಲೆ ಹಗ್ಗವನ್ನು ಇನ್ನೂ ಒಂದು ಮಗುವಿನಷ್ಟು ಸಡಿಲಿಸಿ ಗೂಟ ಹೊಡೆದಳು. ಗೋಡೆಯದೇನೂ ತೊಂದರೆಯಿರಲಿಲ್ಲ, ನೆಲದಿಂದ ಕತ್ತರಿಸಿ ತೆಗೆಯುವ ಹುಲ್ಲುಹೆಂಟೆ ಬೇಕಾದಷ್ಟಿತ್ತು. ಮಾಡಿನ ತೊಲೆ ಮಾತ್ರ ಗಿಡ್ಡವಾಯಿತು. ಈ ತೊಲೆಗೆ ಒಂಬತ್ತೇ ಜನ ಎಂದು ಓರ್ಮ್ ಹೇಳಿದ. ಹಾಗಾದರೆ ಕಡಲು ಉದ್ದನೆಯದು ತರುವವರೆಗೆ ಕಾಯೋಣ ಎಂದಳು ಓಡ್ನಿ. ಓರ್ಮ್ ಕೊಡಲಿ ಮಸೆಯಲು ಹೋದ. ಮಾಡಿಲ್ಲದ ಗೋಡೆಗಳ ಮೇಲೆ ಒಂದು ಚಳಿಗಾಲದ ಹಿಮವೆಲ್ಲ ಬಿತ್ತು. ಟೋಕಿ ಅದನ್ನು ಕುರಿದೊಡ್ಡಿ ಎಂದು ಕರೆಯತೊಡಗಿದ. ವಸಂತದಲ್ಲಿ ಒಂದು ದಿನ ಓರ್ಮ್ ಎರಡು ಕುದುರೆ ಕಟ್ಟಿ ಉದ್ದನೆಯ ದಿಮ್ಮಿಯೊಂದನ್ನು ಎಳೆದುಕೊಂಡು ಬಂದ. ಅಂಥದ್ದಕ್ಕಾಗಿ ಆತ ದಿನವೂ ಕೊಲ್ಲಿಯ ತುದಿಯವರೆಗೂ ಹೋಗಿ ಹುಡುಕುತ್ತಿದ್ದನೆಂದು ನಮಗೆ ಆವತ್ತೇ ತಿಳಿದದ್ದು.

ಬೇಸಿಗೆಯ ಕೊನೆಗೆ ಊಡೋ ಚರ್ಚನ್ನು ಹರಸಲು ಬಂದ. ಕೇತಿಲನೂ ತನ್ನವರೊಂದಿಗೆ ಬಂದು ಬಾಗಿಲ ಹೊರಗೆ ನಿಂತ. ಒಳಗೆ ನಾವು ಒಂಬತ್ತು ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೂ ಬಲಗೋಡೆಯ ಪಕ್ಕ ಸಣ್ಣ ಜಾಗವೊಂದು ಖಾಲಿಯಿತ್ತು. ಅಲ್ಲಿಗೆ ಸರಿಯಿರಿ ಎಂದು ಪಾದ್ರಿ ಕೈ ತೋರಿಸಿದ.

"ಅದು ಡಲ್ಲಾಳ ಜಾಗ" ಎಂದಳು ಓಡ್ನಿ.

ಪಾದ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, ತಾನು ಹೇಳಿದ್ದು ಬದುಕಿರುವವರ ವಿಷಯ ಎಂದು ಬಿಡಿಸಿ ಹೇಳಲು ನೋಡಿದ. ಓಡ್ನಿ ಅವನ ಮಾತಿಗೆ ಕಿವಿಗೊಡದೆ ಸಾಕ್ಷಿಗಳನ್ನು ಕರೆದಳು. ಟೋಕಿ ಹೇಳಿದ. ಕೇತಿಲನೂ ಬಾಗಿಲಲ್ಲಿ ನಿಂತು, ಪಾದ್ರಿ ಅಂದು ಆಡಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಬದುಕಿರುವವರು ಎಂಬ ಮಾತು ಅದರಲ್ಲಿ ಇರಲಿಲ್ಲ. ಆದರೆ ಕೇತಿಲ ಅಲ್ಲಿಗೇ ನಿಲ್ಲಿಸಲಿಲ್ಲ.

"ಎಷ್ಟು ಜನ ನಿಲ್ಲಬಹುದೋ ಅಷ್ಟು ಜನ ಅಂದ್ರು. ಸತ್ತ ಮಗು ನಿಲ್ಲೋದು ಹೇಗೆ ಓಡ್ನಿ?"

ಓಡ್ನಿ ಓರ್ಮ್‌ನ ಕಡೆ ತಿರುಗಿದಳು. ಓರ್ಮ್ ನಮ್ಮನ್ನು ಸರಿಸಿಕೊಂಡು ಹೊರಗೆ ನಡೆದ. ನಾವು ಕಾಯುತ್ತ ನಿಂತೆವು. ದಿಬ್ಬದ ಕಡೆಯಿಂದ ಸಲಿಕೆಯ ಸದ್ದು ಕೇಳಿಬಂತು. ಆತ ತಿರುಗಿ ಬಂದಾಗ ಮಂಡಿಯೆಲ್ಲ ಮಣ್ಣಾಗಿತ್ತು. ಮೇಲಂಗಿಯಲ್ಲಿ ಸುತ್ತಿದ ಸಣ್ಣ ಗಂಟೊಂದು ತೋಳಿನಲ್ಲಿತ್ತು.

ನಮ್ಮಲ್ಲಿ ಹುಟ್ಟಿದ ಮಗುವನ್ನು ನೆಲದ ಮೇಲೆ ಮಲಗಿಸುತ್ತಾರೆ. ತಂದೆ ಬಂದು ಎತ್ತಿಕೊಂಡರೆ ಮಾತ್ರ ಅದು ಆ ಮನೆಯದು. ಎತ್ತಿಕೊಂಡ ಮೇಲೆ ಅದನ್ನು ಹೊರಹಾಕುವ ಹಕ್ಕು ಯಾರಿಗೂ ಇಲ್ಲ, ಮಹಾಸಭೆಗೂ ಇಲ್ಲ.

"ಎತ್ತಿಕೊಂಡ ಮಗು ನಿಲ್ಲಬೇಕಾಗಿಲ್ಲ, ನಾನು ನಿಲ್ತೀನಿ" ಎಂದ ಓರ್ಮ್. ಆಮೇಲೆ ಕೇತಿಲನ ಕಡೆ ತಿರುಗಿದ. "ಹುಟ್ಟಿದ ದಿನ ಇವಳನ್ನ ನೆಲದಿಂದ ಎತ್ತಿಕೊಂಡೆ. ಇಳಿಸಿದೆ ಅಂತ ಸಾಕ್ಷಿ ಹೇಳೋರು ಯಾರಾದ್ರೂ ಇದ್ದೀರಾ?"

ಯಾರೂ ಇರಲಿಲ್ಲ. ಕೇತಿಲ ಟೋಪಿ ತೆಗೆದ. ಎಲ್ಲರೂ ಪಾದ್ರಿಯ ಮುಖ ನೋಡಿದೆವು. ಊಡೋ ಆ ಗಂಟನ್ನೇ ನೋಡುತ್ತಿದ್ದ.

"ನನಗೆ ಕಲಿಸಿದ ದೊಡ್ಡವರು ಇದನ್ನ ಒಪ್ಪಲ್ಲಮ್ಮ" ಎಂದ ಕೊನೆಗೆ. "ಚರ್ಚು ಬೇಗ ಏಳಲಿ ಅಂತ ಆಡಬಾರದ ಮಾತು ಆಡಿದೆ. ಆದ್ರೆ ಆಡಿದ್ದು ನಿಜ. ಸ್ವರ್ಗದ ಬಾಗಿಲು ತೆಗೆಯೋನು ನಾನಲ್ಲ. ಅವನು ಕೇಳಿದ್ರೆ, ಹೌದು ಇವರಿಗೆ ಮಾತು ಕೊಟ್ಟವನು ನಾನೇ ಅಂತ ನಾನೇ ಸಾಕ್ಷಿ ಹೇಳ್ತೀನಿ."

ಓಡ್ನಿ ಕಣ್ಣೊರೆಸಿಕೊಂಡಳು. ಆಮೇಲೆ ಈ ಮಾತಿಗೂ ಸಾಕ್ಷಿ ಬೇಕೆಂದು ಕೇತಿಲನ ಹೆಸರನ್ನೂ ಟೋಕಿಯ ಹೆಸರನ್ನೂ ಕೂಗಿದಳು. ಪಾದ್ರಿ ನಕ್ಕುಬಿಟ್ಟ. ಪೂಜೆ ಮುಗಿಯುವವರೆಗೂ ಓರ್ಮ್ ಮಗಳನ್ನು ಕೆಳಗಿಳಿಸಲಿಲ್ಲ. ಬಳಿಕ ಅವಳನ್ನು ಚರ್ಚಿನ ಗೋಡೆಗೆ ಒತ್ತಿಕೊಂಡೇ, ಸೂರಿನ ನೀರು ಬೀಳುವ ಜಾಗದಲ್ಲಿ ಮಣ್ಣು ಮಾಡಿದರು. ಬದುಕಿದ್ದಾಗ ಬೀಳದ ನೀರು ಈಗಲಾದರೂ ಮೇಲಿನಿಂದ ಬೀಳುತ್ತಿರಲಿ ಎಂದು ಆ ಜಾಗ ತೋರಿಸಿದವನು ಊಡೋನೇ. ಅದು ಶಾಸ್ತ್ರವೋ ಅವನದೇ ಯೋಚನೆಯೋ ನಾವು ಕೇಳಲು ಹೋಗಲಿಲ್ಲ. ಆ ಚಳಿಗಾಲ ಓಡ್ನಿ ದಿಬ್ಬಕ್ಕೆ ಹಾಲು ಒಯ್ಯಲಿಲ್ಲ.

ನೆಲ ಹೆಪ್ಪುಗಟ್ಟುವುದಕ್ಕೆ ಮುಂಚೆ ಒಂದು ಬೆಳಿಗ್ಗೆ ಕೇತಿಲ ಒಬ್ಬನೇ ಬಂದ. ಹುಲ್ಲಿನ ವಿಷಯ, ಕುರಿಯ ವಿಷಯವೆಲ್ಲ ಮುಗಿದ ಮೇಲೆ, ಎಲುಬು ಮುರಿಯದ ಹಾಗೆ ದಿಬ್ಬ ಅಗೆಯುವುದು ಹೇಗೆ ಎಂದು ಓರ್ಮ್‌ನನ್ನು ಕೇಳಿದ. ನೀರು ಬೀಳುವ ಮೊದಲೇ ಹೋದ ತನ್ನ ತಾಯಿಯ ದಿಬ್ಬ ಎಂದ. ಓಡ್ನಿ ಅವನ ಮುಂದೆ ಒಣಮೀನು, ಬೆಣ್ಣೆ ತಂದಿಟ್ಟಳು.

"ನಿಮ್ಮಮ್ಮ ಭಾರಿ ಆಳು ಕೇತಿಲಣ್ಣ. ಎತ್ತಿಕೊಂಡು ನಿಲ್ಲೋಕೆ ನಿನ್ನ ಕೈಲಾಗುತ್ತಾ?"

"ನನ್ನ ಚರ್ಚು ದೊಡ್ಡದು, ಅವಳೇ ನಿಂತ್ಕೊಳ್ತಾಳೆ" ಎಂದ ಕೇತಿಲ, ಬೆಣ್ಣೆಗೆ ಕೈ ಹಾಕುತ್ತ.