ಕತ್ತಿ ಹಿಡಿಯುವ ಮುಂಚಿನ ಮಾತು

ಬೆಳಗಿನ ಮೊದಲ ಬಸ್ಸು ಇನ್ನೂ ಡಿಪೋದಲ್ಲಿದೆ. ಅದನ್ನು ಓಡಿಸಬೇಕಾದ ಮನುಷ್ಯ ಅಡುಗೆಮನೆಯ ನಡುವೆ ಮರದ ಕುರ್ಚಿಯಲ್ಲಿ, ಕೊರಳಿಗೆ ಟವೆಲ್ ಸುತ್ತಿಕೊಂಡು, ಮುಖ ಮೇಲೆತ್ತಿ ಕೂತಿದ್ದಾರೆ. ಕೆನ್ನೆಯ ಮೇಲೆ ನೊರೆ ಇದೆ. ನೊರೆಯ ಕೆಳಗೆ ಗಡ್ಡ ಇಲ್ಲ. ನಿನ್ನೆ ಬೆಳಿಗ್ಗೆ ಇದೇ ಕುರ್ಚಿಯಲ್ಲಿ ಕೂತು ಬೋಳಿಸಿಕೊಂಡ ಮುಖ ಅದು.

"ಲೋ ರೇಡಿಯೊ, ಗಡ್ಡ ಮುಗಿದು ತಿಂಗಳಾಯ್ತು. ಈಗ ನೀನು ಹೆರೀತಿರೋದು ನನ್ನ ಸ್ವಂತ ಚರ್ಮ."

"ಮಾತಾಡಬೇಡಿ ಭಾವ. ತುಟಿ ಕೊಯ್ದ್ರೆ ಅಕ್ಕ ಬಯ್ತಾಳೆ."

"ನಿಮ್ಮಕ್ಕ ಬಯ್ಯೋಕೆ ಅಷ್ಟೆಲ್ಲಾ ಕಾರಣ ಬೇಕಾ?"

ಒಲೆಯ ಮುಂದಿರುವ ಅಕ್ಕ ತಿರುಗಿಯೂ ನೋಡುವುದಿಲ್ಲ. "ಬೇಗ ಮುಗಿಸಿ ಇಬ್ಬರೂ. ನಾನು ನೆಲ ಒರೆಸ್ಬೇಕು."

ರೇಡಿಯೊ ಎನ್ನುವುದು ಗಿರಾಕಿಗಳು ಇಟ್ಟ ಹೆಸರು. ವಯಸ್ಸು ನಲವತ್ತರ ಆಸುಪಾಸು. ಕಸುಬು ಕ್ಷೌರ. ಸದ್ಯಕ್ಕೆ ಅಂಗಡಿ ಇಲ್ಲ, ಗಿರಾಕಿ ಇಲ್ಲ. ಇರುವುದು ಭಾವನ ಮುಖ ಒಂದೇ. ಭಾಮೈದನ ಕೈ ಜಡ್ಡುಗಟ್ಟಬಾರದೆಂದು ಭಾವ ಪ್ರತಿದಿನ ಬೆಳಿಗ್ಗೆ ಆ ಮುಖವನ್ನು ಒಪ್ಪಿಸಿ ಕೂರುತ್ತಾರೆ. ಡಿಪೋದಲ್ಲಿ ಅವರಿಗೆ "ಮದುಮಗ" ಎಂದು ಹೆಸರು ಬಿದ್ದಿದೆ.

ಕೆಲಸ ಹುಡುಕುವುದೂ ಒಂದು ಕೆಲಸ. ಖಿನ್ನತೆಯನ್ನು ಜೊತೆಗೆ ಕರೆದುಕೊಂಡು ಹುಡುಕುವುದು ಓವರ್‌ಟೈಮ್. "ಹಾಸಿಗೆ ಬಿಟ್ಟು ಏಳೋದು ನನ್ನ ಮೊದಲನೇ ಪಾಳಿ," ಎನ್ನುತ್ತಾರೆ ರೇಡಿಯೊ. "ಅದು ಮುಗಿಯೋಷ್ಟರಲ್ಲಿ ಬೇರೆಯವರಿಗೆ ಸಂಜೆ ಆಗೋಷ್ಟು ಸುಸ್ತಾಗಿರುತ್ತೆ."

ಮಾರುಕಟ್ಟೆಯ ಮೂಲೆಯ ಒಂದೇ ಅಂಗಡಿಯಲ್ಲಿ ಅವರು ಹದಿನೆಂಟು ವರ್ಷ ದುಡಿದವರು. ಆಗ ಬಾಯಿಗೆ ಬಿಡುವಿರಲಿಲ್ಲ. ಹವಾಮಾನ, ಚುನಾವಣೆ, ಹಿಂದಿನ ಬೀದಿಯ ಗಂಡಹೆಂಡಿರ ಜಗಳ, ಎಲ್ಲವೂ ಕತ್ತರಿಯ ತಾಳಕ್ಕೆ ಪ್ರಸಾರವಾಗುತ್ತಿದ್ದವು. ಮೊದಲು ನಿಂತದ್ದು ಆ ಮಾತು.

"ಬಾಯಿಗೆ ಬರ್ತಿರ್ಲಿಲ್ಲ ಅಂತಲ್ಲ. ಹೇಳಿ ಏನಾಗ್ಬೇಕು ಅನ್ನಿಸೋದು. ಬ್ಯಾಟರಿ ಇಳೀತೇನೋ ಅಂತ ಗಿರಾಕಿಗಳು ನಕ್ಕರು. ನಾನೂ ನಕ್ಕೆ. ಆಮೇಲೆ ನಗೋದೂ ಮೂಟೆ ಹೊತ್ತ ಹಾಗಾಯ್ತು."

ಒಂದು ಮಧ್ಯಾಹ್ನ ಅವರು ಒಬ್ಬ ಮೇಷ್ಟ್ರ ಮುಖಕ್ಕೆ ನೊರೆ ಹಚ್ಚಿ, ಕತ್ತಿ ಕೈಗೆತ್ತಿಕೊಂಡು, ಬೀದಿ ನೋಡುತ್ತ ಹಾಗೇ ನಿಂತುಬಿಟ್ಟರು. ನೊರೆ ಒಣಗಿ ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಒಳ್ಳೆಯ ಮನುಷ್ಯ, "ಏನಪ್ಪಾ, ನನ್ನನ್ನ ಮರೆತ್ಯಾ?" ಎಂದಷ್ಟೇ ಕೇಳಿದರು. ರೇಡಿಯೊ ಮುಖ ಒರೆಸಿ, ಮತ್ತೆ ನೊರೆ ಹಚ್ಚಿ, ಕ್ಷೌರ ಮುಗಿಸಿ, ಕತ್ತಿ ತೊಳೆದಿಟ್ಟು ಮನೆಗೆ ಹೋಗಿ ಮಲಗಿದರು. ಸರಿಯಾಗಿ ಎದ್ದು ಓಡಾಡಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಅಂಗಡಿ ಮೊಬೈಲ್ ರಿಪೇರಿಯವರ ಪಾಲಾಗಿತ್ತು.

"ಸೋಮಾರಿ ಅಂದ್ಕೊಂಡಿದ್ದೆ ನಾನು, ಬಾಯಿಗೆ ಬಂದ ಹಾಗೆ ಬೈದಿದ್ದೀನಿ," ಎನ್ನುತ್ತಾರೆ ಅಕ್ಕ. "ಒಂದಿನ ಸ್ನಾನಕ್ಕೆ ಹೋದೋನು ಬಕೆಟ್ ಮುಂದೆ ಕೂತೇ ಇದ್ದ. ಬಿಸಿನೀರು ತಣ್ಣಗಾಗಿತ್ತು. ಚೊಂಬು ಎತ್ತೋಕೆ ಆಗ್ತಿಲ್ಲ ಕಣೇ ಅಂದ. ಅವತ್ತು ಗೊತ್ತಾಯ್ತು ಇದು ಸೋಮಾರಿತನ ಅಲ್ಲ ಅಂತ. ಸೋಮಾರಿಗಳು ಖುಷಿಯಾಗಿರ್ತಾರೆ. ಇವನ ಭಾವನ್ನೇ ನೋಡಿ."

ಅಕ್ಕನೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಾತ್ರೆಗಳು ಬಂದವು. ಮೊದಲಿನವು ಒಗ್ಗಲಿಲ್ಲ, ಎರಡನೆಯವು ಒಗ್ಗಿದವು. ಚೊಂಬು ಹಗುರವಾಯಿತು. ಆಮೇಲೆ ಕತ್ತಿಯ ನೆನಪಾಯಿತು.

ಈ ಕಸುಬಿನಲ್ಲಿ ಅರ್ಜಿ ಹಾಕುವ ಪದ್ಧತಿ ಇಲ್ಲ. ಬಾಗಿಲಲ್ಲಿ ನಿಂತು "ಕುರ್ಚಿ ಖಾಲಿ ಇದೆಯಾ?" ಎಂದು ಕೇಳಬೇಕು. ಎಲ್ಲಿ ಕಲಿತೆ, ಯಾರ ಹತ್ತಿರ ಇದ್ದೆ ಎಂದು ಮಾಲೀಕರು ವಿಚಾರಿಸುತ್ತಾರೆ. ಕಡೆಗೆ ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಾರೆ: "ಇಷ್ಟು ದಿನ ಎಲ್ಲಿದ್ದೆ?"

ಮೊದಲ ಸಲ ರೇಡಿಯೊ, ಬೇರೆ ಊರಲ್ಲಿದ್ದೆ ಎಂದು ಸುಳ್ಳು ಹೇಳಿದರು. ಕೆಲಸವೂ ಸಿಕ್ಕಿತು. ಎರಡನೇ ವಾರ ಬಗ್ಗಿದಾಗ ಅಂಗಿಯ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ಕೆಳಗೆ ಬಿತ್ತು. ಎತ್ತಿಕೊಟ್ಟ ಮಾಲೀಕರು ಔಷಧಿ ಅಂಗಡಿಯಲ್ಲಿ ಅದರ ಹೆಸರು ಹೇಳಿ ವಿಚಾರಿಸಿದ್ದಾರೆ. ಮರುದಿನ ಹೆಗಲ ಮೇಲೆ ಕೈಯಿಟ್ಟು, "ಕತ್ರಿ ಕೆಲಸ ನೀನು ಮಾಡಪ್ಪ. ಕತ್ತಿ ಮಾತ್ರ ಬೇಡ," ಎಂದಿದ್ದಾರೆ.

"ಬೈದಿದ್ರೆ ತಡ್ಕೋತಿದ್ದೆ. ಬಹಳ ಮೆತ್ತಗೆ ಹೇಳಿದ್ರು. ಮಗು ಕೈಯಿಂದ ಗಾಜಿನ ಲೋಟ ತಗೊಳ್ತಾರಲ್ಲ, ಹಾಗೆ." ಆ ಸಂಜೆ ಹೊರಟವರು ಮತ್ತೆ ಆ ಅಂಗಡಿಗೆ ಕಾಲಿಡಲಿಲ್ಲ.

ಅಂದಿನಿಂದ ಅವರದೊಂದು ನಿಯಮ. ಕತ್ತಿ ಹಿಡಿಯುವ ಮುಂಚೆಯೇ ಹೇಳಿಬಿಡುವುದು. ಹೇಳಲೇಬೇಕೆಂದೇನಿಲ್ಲ, ಅದು ನಿಮ್ಮಿಷ್ಟ ಎಂದು ಡಾಕ್ಟರು ಹೇಳಿದ್ದಾರೆ. ರೇಡಿಯೊ ಲೆಕ್ಕ ಬೇರೆ. "ಹೇಳಿದ್ರೆ ಕೆಲಸ ಹೋಗುತ್ತೆ. ಹೇಳ್ದೇ ಇದ್ರೆ ಯಾವಾಗ ಗೊತ್ತಾಗುತ್ತೋ ಅಂತ ಕೈ ನಡುಗುತ್ತೆ. ಕೈ ನಡುಗೋ ಕ್ಷೌರಿಕನಿಗೆ ಕೆಲಸ ಇರುತ್ತಾ? ಹೇಳೋದೇ ವಾಸಿ."

ಹೇಳಿ ಹೇಳಿ ಬೇಡವೆನ್ನಿಸಿಕೊಂಡ ಅಂಗಡಿಗಳು ಮೂವತ್ತು ದಾಟಿವೆ. ಒಬ್ಬರು ಖಾಲಿ ಕುರ್ಚಿಗೆ ಒರಗಿಕೊಂಡೇ ಕುರ್ಚಿ ಖಾಲಿ ಇಲ್ಲ ಎಂದರು. ಮತ್ತೊಬ್ಬರು ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಉಪದೇಶಿಸಿದರು. "ಅವರ ಹೆಂಡ್ತಿ ಅಲ್ಲೇ ನಿಂತಿದ್ರು. ಆಯಮ್ಮನ ಮುಖ ನೋಡಿದೆ. ಪಾಪ, ಅವರಿಗೂ ನಮ್ಮ ಡಾಕ್ಟರ ವಿಳಾಸ ಕೊಟ್ಟು ಬರೋಣ ಅನ್ನಿಸ್ತು." ಹೀಗೆ ನಗಿಸಿದ ಮರುದಿನವೇ ಅವರು ಗೋಡೆಗೆ ಮುಖ ಮಾಡಿ ಮಲಗುವುದೂ ಉಂಟು. ಅಂಥ ದಿನ ಅಕ್ಕ ತಟ್ಟೆ ಪಕ್ಕದಲ್ಲಿಟ್ಟು ಹೋಗುತ್ತಾರೆ, ಏಳು ಎನ್ನುವುದಿಲ್ಲ.

ಈಗ ಭಾವ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸವೊಂದನ್ನು ಗೊತ್ತು ಮಾಡಿದ್ದಾರೆ. ನಾಳೆಯೊಳಗೆ ಹೂಂ ಅನ್ನಬೇಕು. ಹೂಂ ಅಂದರೆ ಕತ್ತಿಗೆ ವಿದಾಯ. "ಕೆಟ್ಟ ಕೆಲಸ ಏನಲ್ಲ," ಎನ್ನುತ್ತಾರೆ ರೇಡಿಯೊ. "ಆದ್ರೆ ಬಸ್ಸಿಗೆ ಕೆನ್ನೆ ಇರಲ್ಲ." ಇಂದು ಕಡೆಯದೊಂದು ಅಂಗಡಿ ನೋಡಿಬರುವುದೆಂದು ತೀರ್ಮಾನವಾಗಿದೆ.

ರೈಲು ನಿಲ್ದಾಣದ ಹಿಂದಿನ ಗಲ್ಲಿ. ಎರಡು ಕುರ್ಚಿಯ ಅಂಗಡಿ. ಕ್ಷೌರಿಕ ಗಂಡ ತೀರಿಕೊಂಡ ಮೇಲೆ ಹೆಂಡತಿ ನಡೆಸುತ್ತಿದ್ದಾರೆ. ಒಂದು ಕುರ್ಚಿಯಲ್ಲಿ ಹಿರಿಯ ಕೆಲಸಗಾರನೊಬ್ಬ ಯಾರದೋ ತಲೆ ತಗ್ಗಿಸಿ ಹಿಡಿದಿದ್ದಾನೆ. ಇನ್ನೊಂದು ಖಾಲಿ. ಬೆಂಚಿನ ಮೇಲೆ ಟ್ಯಾಕ್ಸಿ ಡ್ರೈವರ್ ಒಬ್ಬರು ಕೀ ಗೊಂಚಲು ಅಲ್ಲಾಡಿಸುತ್ತ ಕಾಯುತ್ತಿದ್ದಾರೆ. ರೇಡಿಯೊ ಒಂದೇ ಉಸಿರಿಗೆ ಎಲ್ಲವನ್ನೂ ಹೇಳುತ್ತಾರೆ. ಕಾಯಿಲೆ, ಮಾತ್ರೆ, ಮಲಗಿದ ಕಾಲ. ಕೀ ಗೊಂಚಲ ಸದ್ದು ನಿಲ್ಲುತ್ತದೆ.

"ಈಗ ಹೇಗಿದ್ದೀಯ?" ಮಾಲಕಿ ಕೇಳುತ್ತಾರೆ.

"ವಾಸಿ ಅಮ್ಮ. ಆದ್ರೆ ಯಾವತ್ತೋ ಒಂದಿನ ಬರೋಕಾಗಲ್ಲ. ಅವತ್ತು ಬೆಳಿಗ್ಗೆ ಹೇಳಿ ಕಳಿಸ್ತೀನಿ."

"ಹೇಳಿ ಕಳಿಸ್ತೀಯಾ?" ಮಾಲಕಿ ಹಿರಿಯ ಕೆಲಸಗಾರನ ಕಡೆ ತಿರುಗುತ್ತಾರೆ. "ಕೇಳಿಸ್ಕೊಂಡ್ಯಾ? ಹೇಳಿ ತಪ್ಪಿಸ್ಕೊಳ್ಳೋರೂ ಇದ್ದಾರೆ ಪ್ರಪಂಚದಲ್ಲಿ. ನನಗೆ ಇದುವರೆಗೂ ಸಿಕ್ಕಿದ್ದೆಲ್ಲಾ ಹೇಳದೇ ಹೋಗೋರೇ."

ಆತ ಕತ್ತರಿ ನಿಲ್ಲಿಸದೆ ಗೊಣಗುತ್ತಾನೆ. "ಅದೆಲ್ಲಾ ಸರಿ. ಕತ್ತಿ ಕೊಡೋದು ಹೇಗಮ್ಮ? ಗಿರಾಕಿ ಹೆದರ್ತಾರೆ."

ರೇಡಿಯೊ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾರೆ. ಹೊರಡುವವರ ಹಾಗೆ.

"ನನಗೆ ಗಾಡಿ ತೆಗೀಬೇಕು ಕಣ್ರೀ," ಎಂದು ಟ್ಯಾಕ್ಸಿ ಡ್ರೈವರ್ ಎದ್ದು ಬಂದು ಖಾಲಿ ಕುರ್ಚಿಯಲ್ಲಿ ಕೂರುತ್ತಾರೆ. "ಶೇವಿಂಗ್ ಮಾಡ್ತೀರೋ ಇಲ್ಲ ಪಂಚಾಯ್ತಿನೇ ಮಾಡ್ತೀರೋ?"

ಮಾಲಕಿ ತಲೆಯಾಡಿಸುತ್ತಾರೆ. ರೇಡಿಯೊ ಕೈ ತೊಳೆಯುತ್ತಾರೆ, ಹೊಸ ಬ್ಲೇಡು ಸಿಕ್ಕಿಸುತ್ತಾರೆ. ಕೆನ್ನೆ ಸಲೀಸಾಗಿ ಮುಗಿಯುತ್ತದೆ. ಗದ್ದದ ಕೆಳಗೆ ಬಂದಾಗ ಡ್ರೈವರ್ ಕನ್ನಡಿಯಲ್ಲಿ ಕತ್ತಿಯನ್ನೇ ನೋಡುತ್ತಿದ್ದಾರೆ, ರೆಪ್ಪೆ ಮಿಟುಕಿಸದೆ. ಗಂಟಲಮಣಿ ಮೇಲೆ ಕೆಳಗೆ ಆಡುತ್ತದೆ. ರೇಡಿಯೊ ಕತ್ತಿ ದೂರ ಹಿಡಿಯುತ್ತಾರೆ.

"ಉಗುಳು ನುಂಗಿಬಿಡಿ ಸಾರ್. ನಾನು ಕಾಯ್ತೀನಿ."

ಡ್ರೈವರ್ ನುಂಗುತ್ತಾರೆ. ತಲೆಯನ್ನು ತಾವಾಗಿಯೇ ಇನ್ನಷ್ಟು ಹಿಂದಕ್ಕೆ ಚೆಲ್ಲುತ್ತಾರೆ. ಕತ್ತಿ ಇಳಿಯುತ್ತದೆ. ಎಲ್ಲೂ ಕೆಂಪು ಕಾಣುವುದಿಲ್ಲ. ಮುಗಿದ ಮೇಲೆ ಅವರು ಅಂಗೈಯಿಂದ ಕೊರಳು ಸವರಿಕೊಂಡು, ದುಡ್ಡು ಕೊಟ್ಟು ಗಾಡಿಯ ಕಡೆ ನಡೆಯುತ್ತಾರೆ.

"ನಾಳೆಯಿಂದ ಬಾ," ಎನ್ನುತ್ತಾರೆ ಮಾಲಕಿ.

ರೇಡಿಯೊ ಗಲ್ಲಿಯ ಕೊನೆಯವರೆಗೂ ನಡೆಯುತ್ತಾರೆ. ರಸ್ತೆ ದಾಟಲು ನಿಂತಾಗ ತಮಗೇ ಎಂಬಂತೆ ಹೇಳಿಕೊಳ್ಳುತ್ತಾರೆ:

"ಕಣ್ಣು ಮುಚ್ಚಲಿಲ್ಲ ನೋಡಿ ಆತ. ಒಳ್ಳೆ ಕೈ ಬಿದ್ರೆ ಗಿರಾಕಿ ಕಣ್ಣು ಮುಚ್ಬೇಕು. ಪರವಾಗಿಲ್ಲ, ಇವತ್ತು ಕತ್ತು ಕೊಟ್ಟನಲ್ಲ. ಕಣ್ಣು ಮುಂದಿನ ಸಲ ಮುಚ್ಚಲಿ."