ಬಿಸಿನೀರಿನ ಬ್ಯಾಗು ಇಟ್ಟವರು ಯಾರು

ನಮ್ಮ ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಔಷಧಿ ಯಾವುದು ಅಂತ ಯಾರಾದರೂ ಕೇಳಿದರೆ ‘ಆಯಾಗೆ ಹೇಳು’ ಅನ್ನುವ ಮಾತು ಎನ್ನುತ್ತೇನೆ. ಡಾಕ್ಟರು ನನಗೆ ಹೇಳುತ್ತಾರೆ, ನಾನು ಸ್ಟಾಫ್ ನರ್ಸಿಗೆ ಹೇಳುತ್ತೇನೆ, ನರ್ಸು ಆಯಾಗೆ ಹೇಳುತ್ತಾಳೆ. ಆಯಾಗೆ ತನ್ನ ಕೆಳಗೆ ಹೇಳಲು ಯಾರೂ ಇಲ್ಲ, ಹಾಗಾಗಿ ಆಕೆ ಮಾಡುತ್ತಾಳೆ. ಬಳ್ಳಾರಿಯ ಈ ಖಾಸಗಿ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ನಾನು ಇನ್‌ಚಾರ್ಜ್ ಸಿಸ್ಟರ್. ಯಾವ ಕೆಲಸ ಆಯಾಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು, ಒಪ್ಪಿಸಿದ ಮೇಲೆ ಎದ್ದು ಹೋಗಿ ನೋಡಬೇಕು ಅಂತ ಹೊಸ ನರ್ಸುಗಳಿಗೆ ಗಂಟಲು ಹರಿದುಕೊಂಡು ಹೇಳುವುದೇ ನನ್ನ ಅರ್ಧ ನೌಕರಿ. ಹೇಳುವಾಗ ಎಲ್ಲರೂ ಗೋಣು ಹಾಕುತ್ತಾರೆ.

ಆ ಚಳಿಗಾಲದಲ್ಲಿ ಸಿರುಗುಪ್ಪದ ಅಜ್ಜಿಯೊಬ್ಬರು ನಮ್ಮಲ್ಲಿ ದಾಖಲಾಗಿದ್ದರು. ಮಗನಿಗೆ ಇಲ್ಲೇ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಳೆ ಅಂಗಡಿ. ಅಜ್ಜಿಗೆ ಹಳೆಯ ಶುಗರ್. ಪಾದಗಳು ಎಷ್ಟು ಮರಗಟ್ಟಿದ್ದವೆಂದರೆ ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಅಂಥವರ ಕಾಲಿಗೆ ಬಿಸಿನೀರಿನ ಬ್ಯಾಗು ಇಡಬಾರದು ಎಂಬುದು ನರ್ಸಿಂಗ್ ಓದಿದ ಪ್ರತಿಯೊಬ್ಬಳಿಗೂ ಗೊತ್ತು. ಆಯಾಗೆ ಗೊತ್ತಿರುವುದಿಲ್ಲ, ಏಕೆಂದರೆ ಆಕೆಗೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಅವತ್ತು ನಾನು ಆಪರೇಷನ್ ಥಿಯೇಟರಿನ ಕಡೆ ಹೋಗಿದ್ದೆ. ಅಜ್ಜಿ ಚಳಿ ಚಳಿ ಅಂದರಂತೆ. ಡ್ಯೂಟಿಯಲ್ಲಿದ್ದ ಸ್ಟಾಫ್ ನರ್ಸು ಕುರ್ಚಿ ಬಿಟ್ಟು ಏಳದೆ, “ಆಯಾ, ಆ ಅಜ್ಜಿ ಕಾಲಿಗೆ ಬಿಸಿನೀರಿನ ಬ್ಯಾಗ್ ಇಡು” ಎಂದು ಕೂಗಿದಳು. ಕೂಗಿದ್ದಷ್ಟೇ. ಆಮೇಲೆ ಮೊಬೈಲು ಹಿಡಿದಳು.

ನಮ್ಮ ಆಯಾ ಕುರುಗೋಡಿನಾಕೆ. ಇಲ್ಲಿಗೆ ಸೇರುವ ಮುಂಚೆ ಖಾನಾವಳಿಯೊಂದರಲ್ಲಿ ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದವಳು. ಕುದಿಯುವ ನೀರಲ್ಲಿ ಹಿಟ್ಟು ನಾದಿ, ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕಿ ಅಂಗೈ ಜಡ್ಡುಗಟ್ಟಿತ್ತು. ಖಾನಾವಳಿ ಮುಚ್ಚಿತು, ಗಂಡ ತೀರಿಕೊಂಡ, ಆಮೇಲೆ ಆಕೆಯ ಮನೆಯ ಒಲೆ ಉರಿಯುತ್ತಿದ್ದುದು ಈ ನೌಕರಿಯೊಂದರಿಂದಲೇ. ಬ್ಯಾಗಿಗೆ ನೀರು ತುಂಬಿ ಆ ಅಂಗೈಯಿಂದಲೇ ಮುಟ್ಟಿ ನೋಡಿದಳು. ಬೆಚ್ಚಗಿದೆ ಅನ್ನಿಸಿತು. ಪಾಪ, ಅಷ್ಟಕ್ಕೇ ಬಿಡದೆ ಅಜ್ಜಿಯನ್ನೂ ಕೇಳಿದಳು.

“ಸುಡಾಕತ್ತೈತೇನಜ್ಜಿ?”

“ಇಲ್ಲ ಬೇಟಿ, ಏನೂ ಗೊತ್ತ ಆಗವಲ್ದು. ಇನ್ನಾ ಸ್ವಲ್ಪ ಬಿಸಿ ಹಾಕು.”

ಹಾಕಿದಳು. ಆ ಕೈಗೂ ಸುಡುವುದು ತಿಳಿಯಲಿಲ್ಲ, ಆ ಕಾಲಿಗೂ ತಿಳಿಯಲಿಲ್ಲ. ತಿಳಿದಿದ್ದವಳು ಕುರ್ಚಿಯಿಂದ ಏಳಲಿಲ್ಲ. ನಾನು ಬಂದು ಹೊದಿಕೆ ಸರಿಸಿದಾಗ ಅಜ್ಜಿಯ ಪಾದಗಳಲ್ಲಿ ಬೊಬ್ಬೆಗಳು ಎದ್ದಿದ್ದವು.

ಮಗ ಬಂದು ವಾರ್ಡು ಹಾರಿಹೋಗುವಂತೆ ಕೂಗಾಡಿದ. ಕೂಗಾಡದೆ ಏನು ಮಾಡಿಯಾನು? ಶುಗರ್ ಇದ್ದವರ ಕಾಲಿನ ಗಾಯ ಮಾಯುವುದು ಸುಲಭವೇ? ಮ್ಯಾನೇಜರ್ ಓಡಿ ಬಂದು ಕೈಮುಗಿದ. “ತಪ್ಪು ಆಯಾಂದ್ರಿ. ಆಕೀನ್ನ ತಗದ ಹಾಕ್ತೀವಿ” ಎಂದ. ಏನು ನಡೆಯಿತೆಂದು ಒಂದು ಮಾತು ವಿಚಾರಿಸಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ನರ್ಸನ್ನು ಪಕ್ಕಕ್ಕೆ ಕರೆದೆ.

“ನಾ ಆಕಿಗೆ ಹೇಳಿದ್ನಲ್ರಿ ಸಿಸ್ಟರ್. ಆಕೀನ ಸರಿಯಾಗಿ ನೋಡಿಲ್ಲ.”

“ಹೇಳಿದ್ದಕ್ಕ ನಿನ್ನ ಕೆಲಸ ಮುಗೀತೇನವ್ವಾ? ಎದ್ದ ಹೋಗಿ ನೋಡಾಕ ನಿಮ್ಮಪ್ಪ ಬರ್ತಾನೇನು?”

ಬಾಯಿ ತಪ್ಪಿ ಅಂದದ್ದಲ್ಲ. ಇವತ್ತು ಕೇಳಿದರೂ ಹಾಗೇ ಅನ್ನುತ್ತೇನೆ. ಆಯಾ ಮಾತ್ರ ಅಲ್ಲೇ ಗೋಡೆಗೆ ಒರಗಿ, ಅಜ್ಜಿಯ ಕಾಲನ್ನೇ ನೋಡುತ್ತ ಅಳುತ್ತಿದ್ದಳು.

ಸಂಜೆ ಮ್ಯಾನೇಜರ್ ನನ್ನನ್ನು ಕರೆಸಿದ. “ನಾಳಿಂದ ಬರಬ್ಯಾಡ ಅಂತ ಆಕಿಗೆ ನೀವ ಹೇಳಿಬಿಡ್ರಿ” ಎಂದ. ಥೂ! ಒಬ್ಬಳ ಅನ್ನ ಕಿತ್ತುಕೊಳ್ಳುವ ಕೆಲಸವನ್ನೂ ಇನ್ನೊಬ್ಬರ ತಲೆಗೆ ಕಟ್ಟುವ ಜನ.

“ನಾ ಹೇಳಂಗಿಲ್ರಿ” ಎಂದೆ. “ಹೇಳಿ ಸುಮ್ನ ಕುಂತಾಕಿ ನರ್ಸು. ತಗಿಯೋದ ಇದ್ರ ಆಯಾನ ಮಾರಿ ನೋಡಿ ನೀವ ಹೇಳ್ರಿ.”

ಅವನು ಫೈಲು ತೆರೆದು ಕೂತ. ಅಲ್ಲಿಗೆ ಮುಗಿಯಿತು ಅಂದುಕೊಂಡು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಆಯಾ ಗೇಟಿನ ಹೊರಗೆ ಊಟದ ಡಬ್ಬಿ ಹಿಡಿದು ನಿಂತಿದ್ದಾಳೆ. ವಾಚ್‌ಮನ್ ಅಡ್ಡ ನಿಂತಿದ್ದಾನೆ.

“ಒಳಗ ಬಿಡಬ್ಯಾಡ ಅಂದಾರ್ರಿ ಸಿಸ್ಟರ್. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ” ಎಂದ ಅವನು.

ಆಯಾಗಿಂತ ಕೆಳಗೆ ಹೇಳಿಸಿಕೊಳ್ಳುವವರು ಯಾರೂ ಇಲ್ಲ ಅಂದುಕೊಂಡಿದ್ದೆ. ಹುಡುಕಿ ತೆಗೆದಿದ್ದರು! ಮೈಯೆಲ್ಲ ಉರಿಯಿತು. ಆಕೆಯ ರಟ್ಟೆ ಹಿಡಿದು ಓಪಿಡಿ ಜನರ ನಡುವೆ ದಾರಿ ಮಾಡಿಕೊಂಡು ಮ್ಯಾನೇಜರ್ ಕೋಣೆಗೆ ನುಗ್ಗಿದೆ. ಬಾಗಿಲನ್ನು ಬೇಕೆಂದೇ ತೆರೆದಿಟ್ಟೆ.

“ಇಲ್ಲೇ ಅದಾಳ ನೋಡ್ರಿ. ಏನ ತಪ್ಪ ಮಾಡ್ಯಾಳ, ಈಗ ಹೇಳ್ರಿ. ಆಕೀನ್ನ ತಗದ್ರ ನಾನೂ ಹೋಗ್ತೀನಿ. ಹೋಗೋದು ಮನಿಗಲ್ಲ, ಸೀದಾ ಬ್ರೂಸ್‌ಪೇಟಿಗೆ. ಬ್ಯಾಗ್ ಇಡು ಅಂತ ಹೇಳಿದೋರು ಯಾರು ಅಂತ ಅಜ್ಜಿ ಮಗಗ ಹೇಳಿ ಬರ್ತೀನಿ.”

ಹೊರಗೆ ಜನ ಕತ್ತು ಚಾಚಿ ನೋಡುತ್ತಿದ್ದರು. ನೋಡಲಿ. ಮ್ಯಾನೇಜರ್ ಆಯಾಳ ಮುಖ ನೋಡಲು ಎರಡು ಸಲ ತಲೆ ಎತ್ತಿದ, ಎರಡು ಸಲವೂ ಮೇಜು ನೋಡಿದ. “ಆತು ಬಿಡ್ರಿ ಸಿಸ್ಟರ್, ಎಲ್ಲಾರ ಮುಂದ ಯಾಕ... ಕರ್ಕೊಂಡ ಹೋಗ್ರಿ, ಕೆಲಸಕ್ಕ ಹಚ್ರಿ” ಎಂದ.

ಗೆದ್ದೆ ಅಂತ ಬೀಗಿಕೊಂಡು ಆಕೆಯನ್ನು ವಾರ್ಡಿಗೆ ಕರೆತಂದೆ. ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ ಅಜ್ಜಿ ಆಕೆಯನ್ನು ನೋಡಿದ್ದೇ ಎರಡೂ ಕೈ ಚಾಚಿದರು.

“ಎಲ್ಲಿ ಹೋಗಿದ್ದಿ ಬೇಟಿ? ಬೆನ್ನು ನೋಯಾಕತ್ತೈತಿ, ಎಬ್ಬಿಸಿ ಕುಂದ್ರಿಸು.”

ಅಜ್ಜಿಯನ್ನು ದಿನವೂ ಎಬ್ಬಿಸಿ, ಮೈ ಒರೆಸಿ, ತಲೆ ಬಾಚುತ್ತಿದ್ದವಳು ಆಕೆಯೇ. ಈಗ ಸೆರಗಿನಲ್ಲಿ ಕೈ ಸುತ್ತಿಕೊಂಡು ಮಂಚದಿಂದ ದೂರ ನಿಂತಳು.

“ಎಬ್ಬಿಸಕ್ಕಾ” ಅಂದೆ ನಾನು. “ಅದಕ್ಕೇನು ಯೋಚನಿ ಮಾಡ್ತಿ?”

“ಮುಟ್ಟಬಹುದೇನ್ರಿ ಸಿಸ್ಟರ್?” ಎಂದು ಕೇಳಿದಳು. “ನಾ ಎಬ್ಬಿಸೋತನಕ ನೀವು ಇಲ್ಲೇ ನಿಂತು ನೋಡ್ತೀರೇನ್ರಿ?”

ನಾನು ಮಂಚದ ಇನ್ನೊಂದು ಬದಿಗೆ ಹೋಗಿ ನಿಂತು, “ನೋಡ್ತೀನಕ್ಕಾ, ಎಬ್ಬಿಸು” ಅಂದೆ. ಅಷ್ಟಾಗುವವರೆಗೂ ಆಕೆ ಅಜ್ಜಿಯ ಕೈ ಹಿಡಿಯಲಿಲ್ಲ.