ಅಗ್ಗದ ಮಾನಿಟರ್ ಅಳಿಸಿದ ಕುಂಕುಮ

ಮಡಂತ್ಯಾರಿನ ನನ್ನ ಡಿಟಿಪಿ ಅಂಗಡಿಗೆ ಬಂದ ಹಿರಿಯರೊಬ್ಬರು, ತಮ್ಮ ಪತ್ನಿಯ ಉತ್ತರಕ್ರಿಯೆಗೆಂದು ನಾನು ಮಾಡಿಕೊಟ್ಟಿದ್ದ ಆಮಂತ್ರಣದ ಕಾಗದವನ್ನು ಮೇಜಿನ ಮೇಲಿಟ್ಟು, ಅದರಲ್ಲಿದ್ದ ಫೋಟೋದ ಹಣೆಯ ಮೇಲೆ ಬೆರಳಿಟ್ಟರು.

"ನಾನಿನ್ನೂ ಬದುಕಿದ್ದೇನಲ್ಲ. ಅವಳ ಕುಂಕುಮ ಎಲ್ಲಿ ಹೋಯಿತು?"

ಅಚ್ಚಾದ ಮುಖ ಸುಣ್ಣ ಬಳಿದಂತೆ ಬಿಳುಚಿತ್ತು, ಹಣೆ ಬೋಳಾಗಿತ್ತು. ಗಾಬರಿಯಿಂದ ಕಂಪ್ಯೂಟರಿನಲ್ಲಿ ಫೋಟೋ ತೆರೆದೆ. ಪರದೆಯಲ್ಲಿ ಕುಂಕುಮ ಕೆಂಪಗೆ ಹೊಳೆಯುತ್ತಿತ್ತು.

ತಿಂಗಳ ಹಿಂದೆ ಬಿ.ಸಿ.ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಎರಡು ಮಾನಿಟರುಗಳ ಎದುರು ನಿಂತಿದ್ದೆ. ಒಂದು ಚೀನಾದ್ದು, ಇನ್ನೊಂದಕ್ಕೆ ಅದರ ಎರಡರಷ್ಟು ಬೆಲೆ. "ಫೋಟೋ ಕೆಲಸ ಉಂಟಾದ್ರೆ ಚೀನಾದ್ದು ಬೇಡ ಮಾರಾಯ್ರೆ, ಬಣ್ಣ ಸರಿ ತೋರಿಸುದಿಲ್ಲ" ಎಂದು ಅಂಗಡಿಯವರೇ ಹೇಳಿದ್ದರು. ಅರ್ಜಿ, ಬಾಡಿಗೆ ಕರಾರು ಟೈಪ್ ಮಾಡುವ ನನಗೆ ಬಣ್ಣದ ಗೊಡವೆ ಯಾಕೆಂದು ಅಗ್ಗದ್ದನ್ನೇ ತಂದೆ. ಆ ತಾಯಿಯ ಮುಖ ಅದರಲ್ಲಿ ಕಪ್ಪಾಗಿ, ವಿಪರೀತ ಕೆಂಪಾಗಿ ಕಂಡಿತ್ತು. ಬೆಳಕು ಏರಿಸಿದೆ, ಕೆಂಪು ಇಳಿಸಿದೆ. ಪರದೆಯಲ್ಲಿ ಚಂದ ಕಂಡದ್ದನ್ನೇ ಮುದ್ರಣಕ್ಕೆ ಕಳುಹಿಸಿದೆ. ಅಚ್ಚಾಗಿ ಬಂದ ಕಾಗದದ ಕಟ್ಟನ್ನು ಬಿಚ್ಚಿ ನೋಡದೆ ಕೊಟ್ಟುಬಿಟ್ಟೆ.

ಹೊಸದಾಗಿ ಮಾಡಿಸಿಕೊಡುತ್ತೇನೆ ಎಂದೆ. ಮಕ್ಕಳು ಆಗಲೇ ಮನೆಮನೆಗೆ ಹಂಚಿಯಾಗಿದೆ, ಉಳಿದಿರುವುದು ಇಷ್ಟೇ ಎಂದು ಅವರು ಚೀಲದಿಂದ ಸಣ್ಣ ಕಟ್ಟೊಂದನ್ನು ತೆಗೆದರು.

"ಕೆಂಪು ಪೆನ್ನು ಉಂಟಾ?"

ಕೊಟ್ಟೆ. ಅಲ್ಲಿಯೇ ಬೆಂಚಿನ ಮೇಲೆ ಕುಳಿತು, ಒಂದೊಂದೇ ಕಾಗದದಲ್ಲಿ ಹೆಂಡತಿಯ ಹಣೆಗೆ ಬೊಟ್ಟಿಟ್ಟರು.

ಮರುದಿನವೇ ಹೋಗಿ ದುಬಾರಿ ಮಾನಿಟರನ್ನು ತಂದೆ. ಆದರೆ ಊರಿನ ಎಷ್ಟೋ ಮನೆಗಳಲ್ಲಿ ಆ ತಾಯಿ ಇಂದಿಗೂ ಬೋಳು ಹಣೆಯಲ್ಲೇ ಇದ್ದಾರೆ.